ಹಸಿರು ತೀರ್ಥ

14 ಜನವರಿ 2006, ಶನಿವಾರ

ಪುಷ್ಯ ಹುಣ್ಣಿಮೆ. ಇವತ್ತಿನಿಂದ ಮಾಘಸ್ನಾನ. ಅಮ್ಮ ಐದು ವರ್ಷದ ಹರಕೆ ಹೊತ್ತು, ನಾಲ್ಕು ಮುಗಿಸಿ, ಐದನೆಯದನ್ನು ನನ್ನ ತಲೆಗೆ ಕಟ್ಟಿ, ಹೋದ ನವರಾತ್ರಿಯಲ್ಲಿ ಹೊರಟುಹೋದಳು. ಅವಳು ತೀರಿದ ವರ್ಷದೊಳಗೆ ಮಾಡಬಹುದೇ ಎಂದು ಮಠದ ಆಚಾರ್ಯರನ್ನು ಕೇಳಿದೆ. ಸ್ನಾನಕ್ಕೇನಮ್ಮ ಅಡ್ಡಿ, ಮಾಡು ಎಂದರು. ಹತ್ತೊಂಬತ್ತು ವರ್ಷ ಅವಳ ಮಾತ್ರೆ, ಮಡಿ, ಮುನಿಸು ಮೂರನ್ನೂ ನೋಡಿಕೊಂಡವಳಿಗೆ ಇದೊಂದು ತಿಂಗಳೇನು ಮಹಾ.

ಅಮ್ಮ ನಾಲ್ಕು ವರ್ಷವೂ ಮನೆಯ ನಲ್ಲಿಯ ಕೆಳಗೆ ಕೂತೇ ಮುಗಿಸಿದ್ದು. ಮದ್ರಾಸಿನಲ್ಲಿ ನದಿಗಿಳಿದರೆ ಪುಣ್ಯ ಬರುವುದಕ್ಕೆ ಮುಂಚೆ ಮೂಗು ಹೋಗುತ್ತದೆ ಎಂದು ಗೊಣಗುತ್ತಿದ್ದಳು. ಅದಕ್ಕೇ ಈ ವರ್ಷ ಕೆರೆಗೆ ಹೋಗುವುದೆಂದು ನಿಶ್ಚಯಿಸಿದೆ. ಹೋದ ವರ್ಷದ ಮಳೆಗೆ ಅಣ್ಣಾ ನಗರದಾಚೆಯ ಈ ಕೆರೆ ತುಂಬಿ ನಿಂತಿದೆ. ಆಚೆ ದಡದಲ್ಲಿ ಪೆಡಲ್ ದೋಣಿಗಳು, ಐಸ್‌ಕ್ರೀಂ ಅಂಗಡಿ. ಈಚೆ ಏರಿಯ ಮೇಲೆ ಪಿಳ್ಳೆಯಾರ್, ಅಂದರೆ ನಮ್ಮ ಗಣಪತಿಯ ಗುಡಿ, ಅದರ ಮುಂದೆ ನೀರಿಗಿಳಿಯುವ ಮೆಟ್ಟಿಲು.

ಬೆಳಿಗ್ಗೆ ಐದೂವರೆಗೆ ಹೋದೆ. ದೋಣಿಯ ಕಾವಲುಗಾರ ಟಾರ್ಚ್ ಬಿಟ್ಟು ನೋಡಿದ. ಐವತ್ತೊಂದು ವರ್ಷದವಳನ್ನು ಏನು ನೋಡುತ್ತಾನೋ. ಮೂರು ಮುಳುಗು, ಮೂರು ಬೊಗಸೆ ಅರ್ಘ್ಯ, ಆಮೇಲೆ ಅಂಗೈಯಲ್ಲಿ ಮೂರು ಗುಟುಕು ತೀರ್ಥ. ಗಂಗೆಯನ್ನು ಆವಾಹನೆ ಮಾಡಿದ ಮೇಲೆ ಯಾವ ನೀರಾದರೂ ಗಂಗೆಯೇ ಎಂದು ಅಮ್ಮನ ಮಾತು. ಒದ್ದೆ ಸೀರೆಯಲ್ಲಿ ಮನೆಗೆ ಬಂದು ಬೀಗ ತೆಗೆಯುವಾಗ ಅಭ್ಯಾಸಬಲದಿಂದ "ಬಂದೆ ಅಮ್ಮ" ಅಂದುಬಿಟ್ಟೆ. ಪೆಚ್ಚಾದೆ.

17 ಜನವರಿ

ನಿನ್ನೆ ಕಾಣುಂ ಪೊಂಗಲ್, ಇಲ್ಲಿಯವರು ಮನೆಮಂದಿಯೆಲ್ಲ ಹೊರಗೆ ತಿರುಗುವ ಹಬ್ಬ. ಊರೆಲ್ಲ ಕೆರೆಯ ಮೇಲೆ ಬಿದ್ದಿತ್ತಂತೆ. ಮೆಟ್ಟಿಲ ಮೇಲೆ ಇವತ್ತು ಎಲೆ, ಕಬ್ಬಿನ ಸಿಪ್ಪೆ, ಒಂಟಿ ಚಪ್ಪಲಿ. ಅಮ್ಮ ನೋಡಿದ್ದರೆ ಮೂರು ಸಲ ಸ್ನಾನ ಮಾಡಿಸುತ್ತಿದ್ದಳು.

ಸಂಜೆ ಹಿಂದಿ ಟ್ಯೂಶನ್ನಿಗೆ ಮಕ್ಕಳು ಬಂದವು. ಫೆಬ್ರವರಿಯಲ್ಲಿ ಪರೀಕ್ಷೆ. ನಾನು ಹಿಂದಿಯಲ್ಲಿ ಕೇಳುತ್ತೇನೆ, ಅವು ತಮಿಳಿನಲ್ಲಿ ಉತ್ತರ ಕೊಡುತ್ತವೆ. ಬೀದಿಗೆಲ್ಲ ನಾನು "ಹಿಂದಿ ಮಾಮಿ". ಕನ್ನಡ ಮಾತಾಡಿ ಮೂರು ತಿಂಗಳಾಯಿತು. ನಿನ್ನೆ ಸಾರಿಗೆ ಉಪ್ಪು ಹೆಚ್ಚಾದಾಗ "ಥೂ, ಹಾಳಾದ್ದು" ಅಂದೆ. ಅಷ್ಟೇ.

ಒಬ್ಬಳೇ ಇರುವುದು ನನಗೇನೂ ಕಷ್ಟವಿಲ್ಲ. ಎಲ್ಲರೂ ಯಾಕೋ ಅದನ್ನೇ ಕೇಳುತ್ತಾರೆ.

20 ಜನವರಿ

ಇವತ್ತು ಮೆಟ್ಟಿಲ ಮೇಲೆ ಒಬ್ಬಳು ಕೂತಿದ್ದಳು. ನಾನು ಸಂಕಲ್ಪ ಹೇಳಿ, ಜಾರುವ ಮೆಟ್ಟಿಲಿಗೆ "ಹಾಳಾದ್ದು" ಎಂದು ಬೈಯುವವರೆಗೆ ಸುಮ್ಮನಿದ್ದು, "ಕನ್ನಡದವರಾ ನೀವು?" ಎಂದಳು. ನನಗೆ ಮೈ ಜುಮ್ಮೆಂದಿತು. ಚಳಿಗಿರಬೇಕು.

ಹೆಸರು ಸರಸ. ಕುಂದಾಪುರದ ಕಡೆಯವಳು, ಮೂವತ್ತಾರು ಮೂವತ್ತೇಳು ಇರಬಹುದು. ಗಂಡ ಸುಬ್ರಾಯ ಇಲ್ಲೇ ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯ ಮುಖ್ಯಸ್ಥ. ಬೆಳಗಿನ ಇಡ್ಲಿಗೆ ಅವನು ಐದಕ್ಕೇ ಮನೆ ಬಿಡಬೇಕು. ಇವಳಿಗೆ ಆಮೇಲೆ ನಿದ್ದೆ ಬರುವುದಿಲ್ಲ. ಊರು ಬಿಟ್ಟು ಒಂದೇ ವರ್ಷವಾಯಿತಂತೆ, ತಮಿಳು ಇನ್ನೂ ತಲೆಗೆ ಹತ್ತಿಲ್ಲ. "ಟಿವಿಯ ಹತ್ರ ಮಾತಾಡ್ಲಿಕ್ಕೆ ಆಗ್ತದಾ ಅಕ್ಕ?" ಎಂದಳು. ನಾಳೆಯಿಂದ ತಾನೂ ಸ್ನಾನಕ್ಕೆ ಬರುತ್ತೇನೆಂದಳು. ಬಾ ಎಂದೆ. ಕೆರೆ ನನ್ನ ಅಪ್ಪನದೇ?

23 ಜನವರಿ

ಸರಸಳಿಗೆ ಅರ್ಘ್ಯ ಕೊಡುವುದು, ತೀರ್ಥ ತೆಗೆದುಕೊಳ್ಳುವುದು ಎಲ್ಲ ನಾನೇ ಕಲಿಸಿದೆ. ಅವರ ಮನೆಯಲ್ಲಿ ಈ ಪದ್ಧತಿ ಇಲ್ಲ. ಅಂಗೈಯನ್ನು ಆಕಳ ಕಿವಿಯ ಹಾಗೆ ಹಿಡಿ ಎಂದರೆ ಹತ್ತು ಸಲ ನೀರು ಚೆಲ್ಲಿದಳು. ಇಬ್ಬರೂ ನಕ್ಕ ನಗುವಿಗೆ ಕಾವಲುಗಾರ ಮತ್ತೆ ಟಾರ್ಚ್ ಬಿಟ್ಟ. ಅವಳು ಫ್ಲಾಸ್ಕಿನಲ್ಲಿ ಕಾಫಿ ತರುತ್ತಾಳೆ. ಏರಿಯ ಮೇಲೆ ಕೂತು ಏಳೂವರೆಯವರೆಗೆ ಹರಟೆ.

ನಿಮ್ಮ ಮನೆ ಎಲ್ಲಿ ಅಕ್ಕ ಎಂದು ಕೇಳಿದಳು. ಆ ಕಡೆ ಎಂದು ಕೈ ತೋರಿಸಿದೆ. ಬಾ ಅನ್ನುವುದು ನಾಲಿಗೆಯ ತುದಿಗೆ ಬಂತು. ಆದರೆ ಅಮ್ಮ ಇದ್ದಾಗ ಮಡಿಯಿಲ್ಲದವರು ನಮ್ಮ ನಡುಮನೆ ದಾಟಿದ್ದಿಲ್ಲ. ಮನೆಯೂ ಅಸ್ತವ್ಯಸ್ತವಾಗಿದೆ. ಕೆರೆಯಲ್ಲೇ ಸಿಗುತ್ತಾಳಲ್ಲ, ಸಾಕು.

26 ಜನವರಿ

ಇವತ್ತು ನಾಲ್ಕೂವರೆಗೇ ಎಚ್ಚರ. ಗಡಿಯಾರವನ್ನು ಎರಡು ಸಲ ನೋಡಿದೆ.

ನೀರು ಸ್ವಲ್ಪ ಹಸಿರಿಗೆ ತಿರುಗಿದೆ. ನಮ್ಮೂರ ಕೆರೆಯೆಲ್ಲ ಹಸಿರೇ ಅಕ್ಕ ಎಂದಳು ಸರಸ. ಊರು ಬಿಡುವ ಮುಂಚಿನ ವರ್ಷ ಅವಳಿಗೆ ಕಾಮಾಲೆಯಾಗಿತ್ತಂತೆ. ಊರಿನಲ್ಲಿ ನೆಲನೆಲ್ಲಿ ಅರೆದು ಕುಡಿಸಿದರಂತೆ, ಆಮೇಲೆ ಮಣಿಪಾಲದ ಕಡೆ ಯಾರೋ ಡಾಕ್ಟರು ನೋಡಿ, ಇನ್ನು ಜನ್ಮವಿಡೀ ಲಿವರನ್ನು ಜೋಪಾನ ಮಾಡಿಕೋ ಎಂದರಂತೆ. ಅದಕ್ಕೇ ಹೋಟೆಲಿನ ಕರಿದದ್ದನ್ನು ಗಂಡ ಮನೆಗೆ ತರುವುದಿಲ್ಲ. ಗಂಡನ ಮೇಲೆ ಅವಳಿಗೆ ಅದೊಂದೇ ಸಿಟ್ಟು.

29 ಜನವರಿ, ಭಾನುವಾರ

ಅಮಾವಾಸ್ಯೆ. ಸರಸ ಹೋದ ಮೇಲೆ ಏರಿಯ ಮೇಲೆ ನಡೆಯುವ ಒಬ್ಬ ಹಿರಿಯರು ನನ್ನನ್ನು ನಿಲ್ಲಿಸಿದರು. ಶಂಕರನಾರಾಯಣ ಎಂದು ಹೆಸರು, ಯಾವುದೋ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ನಿವೃತ್ತರಾದವರು. ಕೈಯಲ್ಲಿ ಗಾಜಿನ ಬಾಟಲಿ, ಅದರಲ್ಲಿ ಕೆರೆಯ ನೀರು. ಮೇಲುಗಡೆ ಬಣ್ಣ ಚೆಲ್ಲಿದ ಹಾಗೆ ಹಸಿರು ಪದರ.

ಅವರು ಹೇಳಿದ್ದನ್ನು ಬರೆದಿಡುತ್ತೇನೆ, ಆಮೇಲೆ ಮರೆತೆ ಅನ್ನಬಾರದು. ಇದು ಸಾಮಾನ್ಯ ಪಾಚಿಯಲ್ಲವಂತೆ, ನೀಲಿಹಸಿರು ಜಾತಿ. ಚರಂಡಿ ಬಂದು ಸೇರಿ, ಗಾಳಿಯಿಲ್ಲದೆ ಬಿಸಿಲು ಬಿದ್ದರೆ ಒಂದೇ ವಾರದಲ್ಲಿ ಉಕ್ಕುತ್ತದಂತೆ. ಕೆಲವು ಸಲ ವಿಷ ಬಿಡುತ್ತದೆ, ಯಾವಾಗ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕೇ ನೀರು ಹೀಗೆ ಕಂಡರೆ ಇಳಿಯಲೇಬಾರದು. ಮೈಗೆ ತಾಗಿದರೆ ನಲ್ಲಿ ನೀರಿನಲ್ಲಿ ತೊಳೆಯಬೇಕು. ಬಾಯಿಗಂತೂ ಹನಿಯೂ ಹೋಗಕೂಡದು, ಅದು ಹಿಡಿಯುವುದು ಲಿವರನ್ನು. ಕುದಿಸಿದರೂ ಸೋಸಿದರೂ ವಿಷ ಹೋಗುವುದಿಲ್ಲ. ದೋಣಿಯವರ ಎರಡು ನಾಯಿಗಳು ದಡದ ನೀರು ನೆಕ್ಕಿ ಈ ವಾರ ಸತ್ತವಂತೆ. ನಿಮ್ಮ ಜೊತೆ ಬರುವ ಅಮ್ಮನಿಗೂ ಹೇಳಿ ಎಂದರು.

ಹೇಳುತ್ತೇನೆ ಎಂದೆ.

30 ಜನವರಿ

ಹೇಳಲಿಲ್ಲ. ಅವಳು ಇವತ್ತು ಅತ್ತೆಯ ಕಥೆ ಶುರು ಮಾಡಿದ್ದಳು, ನಡುವೆ ಬಾಯಿ ಹಾಕಲು ಮನಸ್ಸಾಗಲಿಲ್ಲ. ನಾಳೆ ಹೇಳಿದರಾಯಿತು.

1 ಫೆಬ್ರವರಿ

ಈ ಮೇಷ್ಟ್ರುಗಳಿಗೆಲ್ಲ ನಿವೃತ್ತಿಯಾದ ಮೇಲೆ ಕೆಲಸವಿರುವುದಿಲ್ಲ. ನಾಯಿ ಏನೇನೋ ತಿನ್ನುತ್ತದೆ, ಸಾಯುತ್ತದೆ. ನಾನು ಹದಿನೆಂಟು ದಿನದಿಂದ ಮುಳುಗುತ್ತಿದ್ದೇನೆ, ಏನಾಗಿದೆ? ಮೊಣಕೈಯಲ್ಲಿ ಸ್ವಲ್ಪ ಕೆಂಪು ದದ್ದು, ಗಂಟಲಲ್ಲಿ ಕೆರೆತ. ಗಂಜಿ ಹಾಕಿದ ಸೀರೆಯದಿರಬೇಕು.

ಆದರೂ ಜಾಗ್ರತೆ ಇರಲಿ ಎಂದು ಚೊಂಬಿನಿಂದ ಮೇಲಿನ ಹಸಿರನ್ನು ಬದಿಗೆ ತಳ್ಳಿ ಇಳಿಯುತ್ತೇವೆ. ತೀರ್ಥಕ್ಕೆ ನೀರನ್ನು ಮನೆಗೆ ಒಯ್ದು, ಮಡಿಬಟ್ಟೆಯಲ್ಲಿ ಸೋಸಿ, ಕುದಿಸಿ ತಗೋ ಎಂದು ಸರಸಳಿಗೆ ಹೇಳಿದೆ. ಬರಲಾಗದ ದಿನ ಯಾರಾದರೂ ತಂದುಕೊಟ್ಟರೂ ಆಗುತ್ತದೆ, ವ್ರತ ಮುರಿಯಬಾರದು ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು. ನಾನು ಹೇಳಿದ್ದನ್ನೆಲ್ಲ ನಂಬುತ್ತಾಳೆ, ಪಾಪ.

ಕುದಿಸಿದರೆ ಹೋಗುವುದಿಲ್ಲ ಎಂದು ಮೂರು ಪುಟದ ಹಿಂದೆ ನಾನೇ ಬರೆದಿದ್ದೇನೆ. ಈಗ ತಿರುವಿ ನೋಡಿದೆ. ಇನ್ನು ಹನ್ನೆರಡು ದಿನ ತಾನೇ.

4 ಫೆಬ್ರವರಿ, ಶನಿವಾರ

ರಥಸಪ್ತಮಿ. ಸರಸ ಎಲ್ಲಿಂದಲೋ ಎಕ್ಕದ ಎಲೆ ತಂದಿದ್ದಳು, ಹದಿನಾಲ್ಕು, ನನಗೆ ಏಳು ಅವಳಿಗೆ ಏಳು. ತಲೆಯ ಮೇಲೆ, ಹೆಗಲ ಮೇಲೆ ಇಟ್ಟುಕೊಂಡು ಮುಳುಗಬೇಕು. ನೀರು ದಟ್ಟ ಹಸಿರಾಗಿತ್ತು. ಕೊಳೆತ ಹುಲ್ಲಿನ ವಾಸನೆ. ದೋಣಿಗಳನ್ನೆಲ್ಲ ದಡಕ್ಕೆಳೆದು ಕಟ್ಟಿದ್ದಾರೆ, ಐಸ್‌ಕ್ರೀಂ ಅಂಗಡಿಗೂ ಬೀಗ.

ಮುಳುಗಿ ಏಳುವಷ್ಟರಲ್ಲಿ ಏರಿಯ ಮೇಲಿಂದ ಶಂಕರನಾರಾಯಣ ಕೂಗಿದರು. ನನಗಲ್ಲ, ಸರಸಳಿಗೆ. ತಮಿಳಿನಲ್ಲಿ, ಕೈ ಬೀಸಿ ಬೀಸಿ: ಅಮ್ಮಾ, ಮೇಲೆ ಬಂದುಬಿಡಿ, ಅದು ವಿಷ, ನಿಮಗೆ ಯಾರೂ ಹೇಳಲಿಲ್ಲವೇ? ಸರಸ ನನ್ನ ಮುಖ ನೋಡಿದಳು.

"ಎಂತ ಹೇಳ್ತಾರೆ ಅಕ್ಕ ಅವರು?"

"ಏನಿಲ್ಲ. ಹೆಂಗಸರು ಕತ್ತಲಲ್ಲಿ ಬರಬಾರದಂತೆ. ಇವರಿಗ್ಯಾಕೆ ಊರ ಉಸಾಬರಿ."

ಅವಳು ನಕ್ಕು ಮತ್ತೆ ಮುಳುಗಿದಳು. ಮೂರು ಗುಟುಕು ತೀರ್ಥವನ್ನೂ ಅಲ್ಲೇ ತೆಗೆದುಕೊಂಡಳು, ಇವತ್ತು ಹಬ್ಬವಲ್ಲವಾ, ಬಿಸಿ ಮಾಡುವುದೆಂತಕ್ಕೆ ಎಂದು. ನಾನು ಬೇಡ ಅನ್ನಬಹುದಿತ್ತು. ಅಂದಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಯಾಕೆ ಎಂದು ಹೇಳಿದರೆ ಸುಬ್ರಾಯ ಅವಳನ್ನು ನಾಳೆಯಿಂದ ಕಳಿಸುತ್ತಿರಲಿಲ್ಲ.

ನಾನೂ ಕುಡಿದೆ. ಅವಳು ಕುಡಿದದ್ದನ್ನು ನಾನೂ ಕುಡಿದಿದ್ದೇನೆ.

6 ಫೆಬ್ರವರಿ

ಸರಸ ಬರಲಿಲ್ಲ. ನಿನ್ನೆ ಬಂದಾಗ ಹೊಟ್ಟೆ ತೊಳಸುತ್ತದೆ ಅನ್ನುತ್ತಿದ್ದಳು. ಏಳೂವರೆಯವರೆಗೆ ಕಾದೆ.

7 ಫೆಬ್ರವರಿ

ಬರಲಿಲ್ಲ. ಒಂದು ಮಾತು ಹೇಳಿ ಕಳಿಸಬಾರದೇ? ನನಗೇನು, ಹದಿನಾಲ್ಕನೆಯ ತಾರೀಖಿನಿಂದ ಒಬ್ಬಳೇ ಮಾಡಿದವಳು. ಮುಳುಗದೆ ಹಾಗೇ ಬಂದೆ. ಯಾಕೆ ಮುಳುಗಲಿಲ್ಲವೋ ಗೊತ್ತಿಲ್ಲ.

8 ಫೆಬ್ರವರಿ

ಹೋಟೆಲಿಗೆ ಹೋದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಸುಬ್ರಾಯ ಯಾರು ಎಂದು ಕೇಳಿದೆ. ದಪ್ಪ ಆಳು, ಕಣ್ಣಿಗೆ ನಿದ್ದೆಯಿಲ್ಲ. ನಾಗಮಣಿಯಕ್ಕನಾ ಎಂದು ಅವನೇ ಗುರುತು ಹಿಡಿದ. ಮನೆಯಲ್ಲಿ ನನ್ನದೇ ಮಾತಂತೆ. ಭಾನುವಾರ ರಾತ್ರಿಯಿಂದ ಸರಸಳಿಗೆ ವಾಂತಿ, ಕಣ್ಣೆಲ್ಲ ಹಳದಿ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಸೇರಿಸಿದ್ದಾನೆ. ಹಳೇ ಕಾಮಾಲೆ ತಿರುಗಿ ಬಂತೋ ಏನೋ, ಡಾಕ್ಟರರಿಗೂ ತಿಳಿಯುತ್ತಿಲ್ಲ, ಯಾವ ನೀರು ಕುಡಿದಿರಿ ಎಂದು ಕೇಳುತ್ತಾರೆ ಎಂದ. ನಾವು ಕುಡಿಯುವುದು ಹೋಟೆಲಿನ ಫಿಲ್ಟರ್ ನೀರಲ್ಲವಾ ಅಕ್ಕ ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಯಾವ ನರ್ಸಿಂಗ್ ಹೋಮು ಎಂದು ಮಾತ್ರ ಕೇಳಿದೆ.

ಅಲ್ಲಿಂದ ನರ್ಸಿಂಗ್ ಹೋಮಿಗೆ ಹೋದೆ. ಸರಸ ಅರ್ಧ ಆಗಿದ್ದಾಳೆ. ನನ್ನನ್ನು ಕಂಡು ಏಳಲು ಹೋದಳು. ವ್ರತ ಬಿಟ್ಟಿಲ್ಲ ಅಕ್ಕ ಎಂದಳು ಮೊದಲ ಮಾತಿಗೇ. ಮಂಚದ ಪಕ್ಕದ ಸಣ್ಣ ಕಪಾಟಿನ ಮೇಲೆ ತಾಮ್ರದ ಚೊಂಬು. ಸುಬ್ರಾಯ ದಿನವೂ ಬೆಳಿಗ್ಗೆ, ನಾನು ಬರುವ ಮುಂಚೆಯೇ, ಕೆರೆಗೆ ಹೋಗಿ ನೀರು ತಂದು, ಹೋಟೆಲಿನ ಒಲೆಯಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಮೂರು ಗುಟುಕು ಕೊಡುತ್ತಾನೆ. ನಾನು ಹೇಳಿಕೊಟ್ಟ ಹಾಗೆಯೇ.

ಸೆರಗು ತಾಗಿದ ಹಾಗೆ ಮಾಡಿ ಚೊಂಬನ್ನು ಉರುಳಿಸಿದೆ. ನೀರೆಲ್ಲ ನೆಲಕ್ಕೆ ಹೋಯಿತು. ಆಯಾ ಬೈದಳು. ಇವತ್ತಿನ ಮಟ್ಟಿಗೆ ಆಯಿತು ಎಂದುಕೊಂಡು ಬಂದೆ.

ಇವತ್ತಿನ ಮಟ್ಟಿಗೆ.

9 ಫೆಬ್ರವರಿ

ಇಡೀ ಹಗಲು ಮನೆಯಲ್ಲೇ ಇದ್ದೆ. ಮಕ್ಕಳನ್ನು ವಾಪಸು ಕಳಿಸಿದೆ. ನನಗೆ ನಾಚಿಕೆಯಾಗುತ್ತಿದೆ. ಹೇಳಿದರೆ ಅವಳು ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ನೋಡಲು ಅವಳೇ ಇರುತ್ತಾಳೋ ಇಲ್ಲವೋ. ಇದರಲ್ಲಿ ಯೋಚನೆ ಮಾಡುವುದೇನಿದೆ ಎಂದು ಯಾರಾದರೂ ಕೇಳಿಯಾರು. ನಾನು ಬೆಳಗಿನಿಂದ ಯೋಚನೆ ಮಾಡಿದ್ದೇನೆ.

10 ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ಆರಕ್ಕೇ ಹೋದೆ. ಚೊಂಬು ಮತ್ತೆ ತುಂಬಿ ಕೂತಿತ್ತು. ಸುಬ್ರಾಯ ಉದ್ಧರಣೆಯಲ್ಲಿ ನೀರು ತೆಗೆದು ಅವಳ ಅಂಗೈಗೆ ಹಾಕುತ್ತಿದ್ದ. ಅವಳು ಕೈಯನ್ನು ಆಕಳ ಕಿವಿಯ ಹಾಗೆ ಸರಿಯಾಗಿ ಹಿಡಿದಿದ್ದಳು, ಒಂದು ಹನಿಯೂ ಚೆಲ್ಲುತ್ತಿರಲಿಲ್ಲ.

ನಾನು ಅವಳ ಕೈಯನ್ನು ಹಿಡಿದು ತಿರುಗಿಸಿಬಿಟ್ಟೆ.

"ಕುಡೀಬೇಡ. ಅದು ವಿಷ. ಆ ಮೇಷ್ಟ್ರು ಅವತ್ತು ಹೇಳಿದ್ದು ಅದೇ. ನಾನು ನಿನಗೆ ಸುಳ್ಳು ಹೇಳ್ದೆ."

ಇನ್ನೇನೇನು ಹೇಳಿದೆನೋ ಕ್ರಮವಾಗಿ ನೆನಪಿಲ್ಲ. ನಾಯಿಗಳ ವಿಷಯ, ಲಿವರಿನ ವಿಷಯ, ಕುದಿಸಿದರೆ ಹೋಗುವುದಿಲ್ಲ ಎನ್ನುವುದು, ನನಗೆ ಹನ್ನೆರಡು ದಿನದಿಂದ ಗೊತ್ತಿತ್ತು ಎನ್ನುವುದು. ಸುಬ್ರಾಯ ಉದ್ಧರಣೆ ಹಿಡಿದುಕೊಂಡೇ ಕೇಳಿದ. ಸರಸ ಗೋಡೆಯ ಕಡೆ ತಿರುಗಿ ಮಲಗಿದಳು. ಬೈದಿದ್ದರೆ ಒಳ್ಳೆಯದಿತ್ತು.

ಡ್ಯೂಟಿ ಡಾಕ್ಟರ್ ಹುಡುಗಿಗೆ ನಾನೇ ತಮಿಳಿನಲ್ಲಿ ಎಲ್ಲ ಹೇಳಿದೆ. ಎಷ್ಟು ದಿನ, ದಿನಕ್ಕೆ ಎಷ್ಟು ಗುಟುಕು, ಕುದಿಸಿದ್ದೋ ಹಸಿಯೋ ಎಂದು ಅವಳು ಬರೆದುಕೊಂಡಳು. ಇದರಿಂದಲೇ ಆಯಿತೆಂದು ಖಂಡಿತವಾಗಿ ಹೇಳಲಾಗದು, ಆದರೆ ಹೇಳಿದ್ದು ಒಳ್ಳೆಯದಾಯಿತು, ಹಳೇ ಲಿವರಿಗೆ ಇದು ದಿನವೂ ಹೋಗುತ್ತಿದ್ದರೆ ನಾವು ಕೊಡುವ ಔಷಧವೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ ಎಂಬರ್ಥದಲ್ಲಿ ಏನೋ ಹೇಳಿದಳು. ನನ್ನ ರಕ್ತವನ್ನೂ ತೆಗೆದರು.

ಸುಬ್ರಾಯ ಬಾಗಿಲವರೆಗೆ ಬಂದ. "ಅಕ್ಕ, ಕೋಪ ಮಾಡ್ಬೇಡಿ. ನೀವು ಸದ್ಯ ಇಲ್ಲಿಗೆ ಬರುವುದು ಬೇಡ," ಎಂದ. ಮರ್ಯಾದಸ್ಥ. ಚೊಂಬನ್ನು ನನ್ನ ಕೈಗೆ ಕೊಟ್ಟ. ರಸ್ತೆಯ ಚರಂಡಿಗೆ ಸುರಿದೆ.

13 ಫೆಬ್ರವರಿ, ಸೋಮವಾರ

ಮಾಘ ಹುಣ್ಣಿಮೆ. ಹರಕೆಯ ಕಡೆಯ ದಿನ. ಹುಣ್ಣಿಮೆಯೆಂದು ಮುಳುಗಲು ಬರುವವರು ಬಹಳ ಇರುತ್ತಾರೆಂದು ಗೊತ್ತಿತ್ತು. ಐದಕ್ಕೇ ಹೋಗಿ ಮೇಲಿನ ಮೆಟ್ಟಿಲಲ್ಲಿ ನಿಂತೆ. ಶಂಕರನಾರಾಯಣ ಒಂದು ಹಲಗೆಯಲ್ಲಿ ತಮಿಳಿನಲ್ಲಿ ಬರೆದು ತಂದಿದ್ದರು. ಅದರ ಕೆಳಗೆ ನಾನು ಸೀಮೆಸುಣ್ಣದಲ್ಲಿ ಕನ್ನಡದಲ್ಲೂ ಬರೆದೆ: ಈ ನೀರಿಗೆ ಇಳಿಯಬೇಡಿ, ಬಾಯಿಗೆ ಹಾಕಬೇಡಿ. ಇಲ್ಲಿ ಅದನ್ನು ಓದುವವರು ಯಾರೂ ಇಲ್ಲ. ಆದರೂ ಬರೆದೆ.

ಹತ್ತೊಂಬತ್ತು ಜನರನ್ನು ವಾಪಸು ಕಳಿಸಿದೆ. ಇಬ್ಬರು ಕೇಳಲಿಲ್ಲ. ಅವರಿಗೆ ಬಾಯಿಯನ್ನಾದರೂ ಮುಚ್ಚಿಕೊಂಡು ಮುಳುಗಿ, ಮನೆಗೆ ಹೋಗಿ ನಲ್ಲಿಯಲ್ಲಿ ಸ್ನಾನ ಮಾಡಿ ಎಂದೆ. ಒಬ್ಬ ಮುದುಕಿ ಸೊಂಟದ ಮೇಲೆ ಕೈಯಿಟ್ಟು, ತಿಂಗಳೆಲ್ಲ ನೀನು ಮುಳುಗಿದ್ದನ್ನು ನೋಡಿದ್ದೇನೆ, ಈಗ ನಮಗೆ ಬುದ್ಧಿ ಹೇಳುತ್ತೀಯಾ ಎಂದಳು. ಹೌದು ಅಜ್ಜಿ, ಅದಕ್ಕೇ ಹೇಳುತ್ತಿದ್ದೇನೆ ಎಂದೆ.

ನನ್ನ ಸ್ನಾನ ತಪ್ಪಿತು. ರಾತ್ರಿ ದೀಪ ಹಚ್ಚುವಾಗಲೇ ನೆನಪಾದದ್ದು.

16 ಫೆಬ್ರವರಿ

ನನ್ನ ರಕ್ತದಲ್ಲಿ ಹೆಚ್ಚೇನೂ ಇಲ್ಲವಂತೆ. ನನಗೆ ಯಾಕೆ ಏನೂ ಆಗುವುದಿಲ್ಲವೋ. ಸರಸಳ ಕಾಮಾಲೆ ಇಳಿಯುತ್ತಿದೆ ಎಂದು ಆ ಡಾಕ್ಟರ್ ಹುಡುಗಿ ಫೋನಿನಲ್ಲಿ ಹೇಳಿದಳು. ಅತ್ತುಬಿಟ್ಟೆ. ಒಬ್ಬಳೇ ಇದ್ದುದರಿಂದ ಜೋರಾಗಿಯೇ ಅತ್ತೆ.

19 ಫೆಬ್ರವರಿ, ಭಾನುವಾರ

ಮಧ್ಯಾಹ್ನ ಎರಡಕ್ಕೆ ಬಾಗಿಲು ತಟ್ಟಿದ ಸದ್ದು. ಸುಬ್ರಾಯ ನಿಂತಿದ್ದ. ಬೀದಿಯಲ್ಲಿ ಹಿಂದಿ ಮಾಮಿ ಮನೆ ಎಲ್ಲಿ ಎಂದು ಕೇಳಿಕೊಂಡು ಬಂದನಂತೆ. ಸರಸಳನ್ನು ಊರಿಗೆ ಕಳಿಸುತ್ತಿದ್ದಾನೆ. ಅವಳ ತಮ್ಮ ಬಂದಿದ್ದಾನೆ, ಇವತ್ತಿನ ರೈಲು. ಡಾಕ್ಟರು ಮೂರು ತಿಂಗಳು ವಿಶ್ರಾಂತಿ ಹೇಳಿದ್ದಾರೆ. ಹೇಳಿ ಹೋಗಬೇಕೆಂದು ಅವಳದೇ ಹಟವಂತೆ, ಆಟೋದಲ್ಲಿ ಕೂತಿದ್ದಾಳೆ ಎಂದ.

ಚಪ್ಪಲಿ ಹಾಕದೆ ಇಳಿದು ಹೋದೆ. ಶಾಲು ಹೊದ್ದು ಕೂತಿದ್ದಳು, ಕಣ್ಣಿನ ಹಳದಿ ಅಂಚಿನಲ್ಲಿ ಇನ್ನೂ ಇದೆ. ನಾನು ಕ್ಷಮಿಸು ಅನ್ನಬೇಕೆಂದು ಹೋದವಳು, ಟಿಕೆಟ್ ಇಟ್ಟುಕೊಂಡಿದ್ದೀಯಾ ಎಂದು ಕೇಳಿದೆ. ಅವಳು ನಮ್ಮ ಮನೆಯ ಬಾಗಿಲನ್ನೇ ನೋಡುತ್ತಿದ್ದಳು.

"ಸುಳ್ಳು ಹೇಳಿದ್ದು ಎಂತಕ್ಕೆ ಅಂತ ಆಸ್ಪತ್ರೆಯಲ್ಲಿ ಮಲಗಿ ಮಲಗಿ ಯೋಚನೆ ಮಾಡಿದೆ ಅಕ್ಕ. ಗೊತ್ತಾಯ್ತು," ಎಂದಳು. "ಒಬ್ಬಳೇ ಇರ್ಲಿಕ್ಕೆ ಬೇಸರ ಆಗ್ತದೆ ಸರಸ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ನಾನು ಮನೆಗೇ ಬರ್ತಿದ್ದೆ."

ಆಟೋ ಹೋಯಿತು. ನಾನು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಬೇಸರ ಆಗುತ್ತದೆ. ಅಮ್ಮ ಹೋದ ಮೇಲೆ ದಿನವೂ ಆಗುತ್ತದೆ, ಬಹಳ ಆಗುತ್ತದೆ.

ಮನೆಗೇ ಬರುತ್ತಿದ್ದಳಂತೆ. ಕೆರೆಯಿಂದ ನಮ್ಮ ಮನೆಗೆ ನಾಲ್ಕು ನಿಮಿಷದ ದಾರಿ.